ಮೊದಲು ಹಾರೋ ಕಾಡತೂಸು

ಹಿತ್ತಾಳಿ ವಾಸನಿ, ಬಿಸಲು ಏರಿದಂಗ ಮೊರದಾಗಿಂದ ಎದ್ದು ಮೂಗಿಗೆ ಬಂತು, ಕೊಡದ ಬಾಯಿಗೇ ಬಾಯಿ ಹಚ್ಚಿ ನೀರು ಕುಡದಾಗ ಬರತದಲ್ಲ ಹಂಗ, ಭೀಮವ್ವ ತನ್ನ ಬೆರಳು ತಾನೇ ಮೂಸಿಕೊಂಡಳು — ಜ್ವಾಳ ಹಸನ ಮಾಡೋ ಮೊರದಾಗ ಇವತ್ತು ಪಿಸ್ತೂಲಿನ ಹತ್ತೊಂಬತ್ತು ಕಾಡತೂಸು, ಬೆರಳು ಅವೇ, ಕಣ್ಣು ಅವೇ, ಹರಳು ತಗದು ಕಾಳು ಉಳಿಸೋ ಕೆಲಸ, ಆದ್ರ ಜ್ವಾಳದಾಗ ಒಂದು ಹರಳು ಉಳದ್ರ ಹಲ್ಲು ಕಟಂ ಅಂತದ ಅಷ್ಟ, ಇದರಾಗ ಕೆಟ್ಟದ್ದೊಂದು ಉಳದ್ರ ಜೀವ ಹೋಗತದ, ಯಾರ ಜೀವ, ಒಳಗ ಜ್ವಾಳದ ಚೀಲದ ಹಿಂದ ಆರು ದಿನದಿಂದ ಉಸರು ಬಿಗಿ ಹಿಡದು ಕುಂತಿರೋ ಅನ್ವರಬಿದು, ಆಕಿ ಮಗಳು ಮಜೀದಾಂದು. ನಿಜಾಮರ ಸರಕಾರ ಬಿದ್ದು ಹತ್ತು ದಿನಾತು, ಶಹಾಪುರದಾಗ ಮೂರು ಬಣ್ಣದ ಝಂಡಾ ಹಾರ್ಯದಂತ, ಬೆಲ್ಲ ಹಂಚ್ಯಾರಂತ, ರಜಾಕಾರರ ಕಾಟ ತೀರತು ಅಂತ ಭೀಮವ್ವನೂ ಬೀರಪ್ಪಗ ಕಾಯಿ ಒಡಸ್ಯಾಳ, ಆದ್ರ ಕಾಯಿ ಒಡಸಿದ ಮರುದಿನಾನೇ ಕೊಡ್ಲಿ ಭರ್ಚಿ ಹಿಡಕೊಂಡು ಸಾಬರ ಮನಿ ಯಾವದು ತೋರಸ್ರಿ ಅಂತ ಬಂದ ಮಂದಿಗೆ ಅನ್ವರಬಿ ಏನು ಮಾಡಿದ್ಳು, ಊರ ಹೆಂಗಸರ ಕುಪ್ಪಸ ಹೊಲದು ಹೊಟ್ಟಿ ಹೊರಕೊಂಡಾಕಿ. ಯಾದಗಿರಿ ಠೇಸನಿಗೆ ಮುಟ್ಟಿಸಿಬಿಟ್ರ ಆತು, ಅಲ್ಲಿ ಮಿಲಿಟರಿ ಅದ, ರೈಲು ಅದ. ನಡುವ ಭೀಮಾ ಹೊಳಿ, ಹೊಳಿ ದಂಡಿಗೆ ಅದೇ ಮಂದಿ ಕಾಯ್ಕೊಂಡು ಕುಂತಾರ.

ಮಲ್ಕಪ್ಪ ಇದ್ದಿದ್ರ ಕಣ್ಣು ಮುಚ್ಚಿ ಆರಿಸಿ ಕೊಡತಿದ್ದ, ಗಂಡ ತೀರಿಹೋಗಿ ಹತ್ತು ತಿಂಗಳು, ದೊಡ್ಡ ಲಡಾಯಿಗೆ ಬರ್ಮಾಕ್ಕ ಹೋಗಿ ಜೀವಂತ ತಿರುಗಿ ಬಂದಾಂವ ಊರಾಗ ಮೂರು ದಿನದ ಜ್ವರಕ್ಕ ಹೋದ, ಬರೋವಾಗ ಈ ಪಿಸ್ತೂಲು ತಂದಿದ್ದ, ಅಂಗಳದಾಗ ಕುಂದರಿಸಿಕೊಂಡು ಹೇಳಿದ್ದ, ಎಲೇ ಭೀಮಿ, ಇದು ಸುರಪುರದ ವಾಡೇದಾಗಿನ ಮದ್ದು ಜಡಿಯೋ ಬಂದೂಕಲ್ಲ, ಒಂದು ಹಾರಿದ್ರ ಆ ಹಾರಿದ ಜೋರಿಗೇ ಹಿಂದಕ್ಕ ಸರದು ಖಾಲಿ ಸಿಪ್ಪಿ ಉಗುಳತದ, ಕೆಳಗಿಂದು ತಾನೇ ಮ್ಯಾಲ ಏರಿ ಕುಂದ್ರತದ, ನೀ ಬೆರಳು ಎಳೀತಿರಬೇಕಷ್ಟ — ಯವ್ವಾ, ಅಂದಿದ್ಳು ಆವತ್ತು, ಈಗಲೂ ಯವ್ವಾ ಅಂತದ ಮನಸು, ಎಂಥಾ ಕೈ ಇರಬೇಕು ಇದನ್ನ ಮಾಡಿದ್ದು, ತಿಂದದ್ದು ಉಗುಳಿ ಮುಂದಿನ ತುತ್ತು ತಾನೇ ಬಾಯಿಗಿಟ್ಟುಕೊಳ್ಳೋ ಕಬ್ಬಿಣ, ಜೀವ ಇಲ್ಲ ಅಂತಾರ, ಹೆಂಗ ಇಲ್ಲ ಅನ್ನೋದು. ಸೊಕ್ಕೂ ಹಂಗೇ ಅದ, ಒಂದು ತುತ್ತು ಕೆಟ್ಟಿತ್ತಂದ್ರ ಬಾಯಿ ಕಚ್ಚಿಕೊಂಡು ನಿಂತುಬಿಡತದ, ಹಿಂದಿನವು ಬಂಗಾರ ಆಗಿದ್ರೂ ಮ್ಯಾಲ ಬರಂಗಿಲ್ಲ. ಪಿಸ್ತೂಲು ನಂಬಬ್ಯಾಡ ಭೀಮಿ, ಕಾಡತೂಸು ನಂಬು, ಅಂತಿದ್ದ.

ತಪ್ಪು ಆಕಿದೇ, ಯಾರನ್ನ ಬಯ್ಯೋದು, ಎರಡು ಮಹಾನವಮಿ ಹನ್ನೆರಡು ಕಾಡತೂಸು ದೇವರ ಜಗಲಿ ಮ್ಯಾಲ ಸಾಲಾಗಿ ನಿಂದರಿಸ್ಯಾಳ, ಆಯುಧ ಅಂದ ಮ್ಯಾಲ ಪೂಜಿ ಬ್ಯಾಡೇನು, ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕ್ಯಾಳ, ತಿಂಥಣಿಯಿಂದ ತಂದ ಕೃಷ್ಣಿ ನೀರು ಚಿಮುಕಿಸ್ಯಾಳ, ಅವುಡಲೆಣ್ಣಿ ಸವರಿ ಭಂಡಾರ ಹಚ್ಚ್ಯಾಳ, ಮಲ್ಕಪ್ಪ ಬಂದು ನೋಡಿ ಹಣಿ ಹಣಿ ಬಡಕೊಂಡಿದ್ದ, ಹುಚ್ಚಿ, ಎಣ್ಣಿ ಹಿಂಬದಿಯಿಂದ ಒಳಗಿಳದ್ರ ಮದ್ದು ಸಾಯತದ, ಜಿಡ್ಡಿಗೆ ಧೂಳ ಅಂಟಿದ್ರ ಪಿಸ್ತೂಲಿನ ಗಂಟಲಾಗ ಸಿಕ್ಕೊಂತದ, ನಿನ್ನ ಭಕ್ತಿಗೆ ನನ್ನ ಜೀವಾ ಹೋದೀತು. ಅದಕ್ಕೇ ಉಳಿದ ಏಳು ಸಿಗರೇಟಿನ ಡಬ್ಬಿಯಾಗ ಹಾಕಿ ಮೇಣ ಹಚ್ಚಿ ಕುರಿ ಉಣ್ಣಿ ಪಿಂಡಿಯೊಳಗ ತುರುಕಿದ್ದ, ದೇವರಿಗೂ ಸಿಗಬಾರದು ಹೆಂಡತಿಗೂ ಸಿಗಬಾರದು ಅಂತ, ಕಳ್ಳ. ಈಗ ನೋಡಿದ್ರ ಆ ಹನ್ನೆರಡು ಮದಲಗಿತ್ತಿಯಂಗ ಮಿಂಚತಾವ, ಈ ಏಳು ಮಬ್ಬು ಮಾರಿ ಹಾಕ್ಕೊಂಡು ಕುಂತಾವ, ಕಣ್ಣು ಮಿಂಚೋದರ ಕಡೀಗೇ ಓಡತದ, ಬೆಳ್ಳಗಿರೋದೆಲ್ಲಾ ಹಾಲಲ್ಲ ಭೀಮವ್ವ, ಹನ್ನೆರಡನ್ನೂ ಮೊರದ ಒಂದು ಮೂಲಿಗೆ ಸರಿಸಿದಳು. ಏಳರ ಒಂದೊಂದನ್ನೇ ಬೀಸೋಕಲ್ಲಿನ ಮ್ಯಾಲ ನಿಂದರಿಸಿ ನೋಡಿದಳು, ಒಂದರ ಮೂತಿ ಕೂದಲೆಳಿಯಷ್ಟು ಒಳಗ ಹೋಗಿತ್ತು, ಅದು ಬ್ಯಾಡ. ಪಿಸ್ತೂಲಿನ ನಳಿಗಿ ಬಿಚ್ಚಿ ಕೈಯಾಗ ಹಿಡದು ಉಳಿದವನ್ನ ಅದರೊಳಗ ಬಿಟ್ಟಳು, ದೂಕಬಾರದು, ತಾನೇ ಇಳೀಬೇಕು, ಟಕ್ ಅನಬೇಕು, ತಿರುವಿದ್ರ ತಾನೇ ಅಂಗೈಗೆ ಬೀಳಬೇಕು — ಟಕ್, ಬಿತ್ತು, ಟಕ್, ಬಿತ್ತು, ಎಲ್ಲೋ ಏಳು ಸಮುದ್ರದಾಚಿ ಯಾರೋ ಕಾಣದ ಹೆಣ್ಣೋ ಗಂಡೋ ಮಾಡಿದ್ದು ಇಲ್ಲಿ ಈ ಅಂಗಳದಾಗ ಕೂದಲೆಳಿ ತಪ್ಪದಂಗ ಕುಂದ್ರತದ, ಮೈ ಜುಮ್ ಅಂತು. ಏಳು ಹಿಡೀತದ ಪಿಸ್ತೂಲು, ಆರು ಸಿಕ್ಕಾವ, ಮಿಂಚೋದರಾಗ ಒಂದು ಹಾಕಿ ತುಂಬಸಲೇನು, ಛೀ, ಏಳೇ ಹಾಕಬೇಕಂತ ಎಲ್ಲಿ ಬರದದ, ಕೆಟ್ಟದ್ದು ಹಾಕೋಕಿಂತ ಖಾಲಿ ಬಿಡೋದು ಛಲೋ. ನಳಿಗಿ ತಿರುಗಿ ಕೂಡಿಸಿದಳು. ಹಿಡಿಕಿಯೊಳಗಿನ ಗೂಡಿನಾಗ ಕಡೀಕ ಇಟ್ಟದ್ದೇ ಮೊದಲು ಹಾರತದ, ಎಲ್ಲಾಕಿಂತ ನಂಬಿಗಿಯದ್ದನ್ನ ಕಣ್ಣಿಗೊತ್ತಿಕೊಂಡು ಕಡೀಕ ಒತ್ತಿದಳು.

ಕಾಡತೂಸಿಂದೇನೋ ಆತು, ಮನುಷಾಂದು? ದೇವಿಂದ್ರ ಅಂಗಳದಾಗ ಗಾಡಿ ಹೂಡಾಕತ್ಯಾನ, ಮೈದುನ, ಮಲ್ಕಪ್ಪನ ಬೆನ್ನಿಗೆ ಬಿದ್ದ ತಮ್ಮ, ಮೈಮ್ಯಾಲ ಅಂಗಿಲ್ಲ, ಬಗ್ಗಿದಾಗ ಬೆನ್ನು ಕಾಣಸತದ — ಆ ಬೆನ್ನು, ಹೋದ ಬ್ಯಾಸಗ್ಯಾಗ ಕುರಿ ಕೊಡಂಗಿಲ್ಲ ಅಂದದ್ದಕ್ಕ ರಜಾಕಾರರು ಚಾವಡಿ ಕಂಬಕ್ಕ ಕಟ್ಟಿ ಬಾರಕೋಲಿಲೇ ಸುಲದ ಬೆನ್ನು, ಬಾಸುಂಡಿ ಒಣಗಿ ಹಗ್ಗ ಎಳದಂಗ ಎದ್ದಾವ, ಆವತ್ತು ಕಟ್ಟಿದಾಂವ ಅನ್ವರಬಿ ಗಂಡನ ತಮ್ಮನೇ, ಊರಿಗೆಲ್ಲ ಗೊತ್ತದ, ಅನ್ವರಬಿಗೂ ಗೊತ್ತದ. ಹೊಳಿ ದಂಡಿಗೆ ಕುಂತವರೋ ಇವನ ಗೆಣೆಕಾರರು, ಕೂಡಿ ಕುರಿ ಕಾಯ್ದವರು, ದೇವ್ಯಾ ಇಳಿಯೋ ಕೆಳಗ, ನಿನ್ನ ಬೆನ್ನಿನ ಲೆಕ್ಕ ನಾವು ತೀರಸ್ತೀವಿ ಅಂದ್ರ ಇಂವ ಪಿಸ್ತೂಲು ಯಾರ ಕಡಿ ತಿರುವ್ಯಾನು, ಗಾಡಿ ನಾ ಹೊಡೀತೀನಿ ಅಂತ ತಾನೇ ಮುಂದ ಬಂದ, ಯಾರೂ ಕೇಳಿರಲಿಲ್ಲ, ಯಾಕ ಬಂದ. ಕಾಡತೂಸಾದ್ರ ನಳಿಗ್ಯಾಗ ಬಿಟ್ಟು ನೋಡಿದಳು, ಮೈದುನನ್ನ ಯಾತರಾಗ ಬಿಟ್ಟು ನೋಡೋದು.

ವೈನಿ, ಆತೇನು, ಅಂತ ಬಂದ. ಅನ್ವರಬಿ ಮಜೀದಾ ಆಗಲೇ ಗಾಡಿ ಏರಿ ಉಣ್ಣಿ ಪಿಂಡಿ ನಡುವ ಕುಂತಾರ, ತನ್ನ ಕಂಬಳಿ ತಗದು ಹುಡಿಗಿಗೆ ಹೊಚ್ಯಾನ. ಆರೇ ಸಿಕ್ಕಾವ ಅಂದಳು ಭೀಮವ್ವ. ಮ್ಯಾಲಿಂದು ಹೆಂಗದ, ಅಂದ. ಅದು ಕೈ ಕೊಡಂಗಿಲ್ಲಪ್ಪ, ಎಲ್ಲಾ ಕೈಕೊಟ್ರೂ ಅದು ಕೊಡಂಗಿಲ್ಲ. ಖರೇನಾ, ಅಂದ, ಖರೇನ ಅಂದಳು. ಹಂಗಾರ ನನಗ ಬ್ಯಾಡ, ಅನ್ವರಬಿ ಆಪಾನ ಕೈಯಾಗ ಕೊಡು, ಅಂದಾಂವ ಗಾಡಿ ಕಡೀಗೆ ತಿರುಗಿದ, ಆಪಾ, ಕೇಳ್ರಿಲ್ಲಿ, ನಾ ಹಗ್ಗ ಹಿಡದು ಮುಂದ ಕುಂದ್ರತೀನಿ, ಹೊಳಿ ದಂಡಿಗೆ ಮುಟ್ಟಿದ ಮ್ಯಾಲ ನನ್ನ ಮನಸು ಏನು ಹೇಳತದೋ ನನಗೇ ಗೊತ್ತಿಲ್ಲ, ಈ ಬೆನ್ನು ಇನ್ನೂ ಉರೀತದ್ರಿ, ಸುಳ್ಳು ಯಾಕ ಹೇಳಲಿ, ನಾ ಗಾಡಿ ಬಿಟ್ಟು ಕೆಳಗಿಳದ್ರ ಮೊದಲಿಂದು ನನಗ ಹಾರಸ್ರಿ, ಉಳಿದೈದು ಅವರಿಗೆ, ನೀವು ಬೆರಳು ಎಳದ್ರ ಸಾಕು. ಯಾ ಅಲ್ಲಾ, ಬ್ಯಾಡೋ ದೇವಿಂದ್ರ, ಅಂದಳು ಅನ್ವರಬಿ, ಆದ್ರ ಆಕಿ ಕೈ ಮುಂದ ಬಂತು, ಮಗಳು ಮಗ್ಗಲಾಗ ಕುಂತಾಳ, ತಾಯಿ ಕೈ ಅದು, ಬರದ ಹೆಂಗಿದ್ದೀತು.

ಪಿಸ್ತೂಲು ಇನ್ನೂ ಭೀಮವ್ವನ ಕೈಯಾಗೇ, ಕಾಲಕಡಿ ಮೊರ, ಮೊರದಾಗ ಮಿಂಚೋ ಹನ್ನೆರಡು, ಎಣ್ಣಿ ಕುಡದು ಸತ್ತವು, ಒಂದು ತಗದು ಮ್ಯಾಲ ಇಟ್ರ ಮೈದುನ ಉಳೀತಾನ, ಯಾರಿಗೂ ತಿಳಿಯಂಗಿಲ್ಲ, ಕೈ ಮೊರದ ತನಕ ಹೋತು, ಉಳೀತಾನ, ಆದ್ರ ಅದು ಗಂಟಲಾಗ ಸಿಕ್ಕೊಂಡ್ರ ಕೆಳಗಿನ ಐದೂ ಹಂಗೇ ಉಳೀತಾವ, ಹುಡಿಗಿ, ತಾಯಿ — ತಾನೇ ಆರಿಸ್ಯಾಳ, ತಾನೇ ಕಣ್ಣಿಗೊತ್ತ್ಯಾಳ, ಯಾರಿಗೆ ಅಂತ ಕೇಳದ, ಎಂಥಾ ಮನುಷಾಪ್ಪ ಇಂವ, ತನ್ನ ಮನಸು ತಾ ನಂಬದ ತನ್ನ ಸಾವು ತಾನೇ ತಂದು ಬೆನ್ನ ಹಿಂದ ಕುಂದರಿಸಿಕೊಳ್ಳೋ ಮನುಷಾ, ದೇವರ ಜಗಲಿ ಮುಂದ ನಿಂತಾಗೂ ಮೈ ಹಿಂಗ ನಡುಗಿರಲಿಲ್ಲ. ಮೊರ ಬಿಟ್ಟು ಎದ್ದಳು, ಪಿಸ್ತೂಲು ಅನ್ವರಬಿ ಕೈಯಾಗ ಇಟ್ಟಳು. ಗಾಡಿ ಹೊಂಟತು, ಅಗಸಿ ದಾಟತು, ಹೊಳಿ ಹಾದಿ ಹಿಡೀತು, ಅನ್ವರಬಿ ಸೆರಗಿನ ಕೆಳಗಿಂದ ನಳಿಗಿ ಬಾಯಿ, ಅದರ ಮುಂದ ಒಂದು ಮೊಳಕ್ಕ ಆ ಬೆನ್ನು, ಅಂಗಿಲ್ಲ, ಕಂಬಳಿ ಇಲ್ಲ, ತಿರುಗಿ ನೋಡವಲ್ದು, ಎತ್ತಿಗೆ ಹೋ ಹೋ ಅನ್ನಾಕತ್ಯಾನ, ಆ ಬೆನ್ನು, ಬಾಸುಂಡಿ ಮ್ಯಾಲ ಬಿಸಲು ಬಿದ್ದದ, ತಿರುಗವಲ್ದು, ಆ ಬೆನ್ನು.