ಕಾಲು ನೋಡಿ ತಾಳ ಹಾಕುತ್ತಿದ್ದವನು

ನಾರ್ಮನ್ ಹೆಪ್‌ವರ್ತ್ ನಾಲ್ಕರವರೆಗೆ ಎಣಿಸದೆ ಯಾವ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನ ಇಳಿಜಾರು ಬೀದಿಗಳಲ್ಲಿ, ಬಸ್ ಕಂಡಕ್ಟರನೊಬ್ಬನ ಹಳೆಯ ಕೋಟನ್ನು ಮೊಣಕಾಲಿನವರೆಗೆ ತೊಟ್ಟು, ಬಲಗಾಲನ್ನು ತುಸು ಒತ್ತಿ ಊರುತ್ತ ಬರುವಾಗ, ಮುಖ ಕಾಣುವ ಮೊದಲೇ ಆ ನಡಿಗೆಯ ಲಯ ಅವನನ್ನು ಸಾರುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ನಾವು ಮೂವರು ‘ಟಿನ್ ಕ್ಯಾನರೀಸ್’ ಎಂಬ ವಾದ್ಯಗುಂಪು ಕಟ್ಟಿದೆವು: ಹಾಡಲು ಟ್ರೆವರ್, ಬೇಸ್ ಗಿಟಾರಿಗೆ ನಾನು, ಡ್ರಮ್ಮಿಗೆ ಅವನು.

ತಾಳದವನು ಕಿವಿಗಿಂತ ಕಣ್ಣನ್ನು ನಂಬಬೇಕೆಂಬುದು ಅವನ ಹಟ. ಬಾರಿಸುವಾಗ, ಹಾಡಿನ ಲಯಕ್ಕೆ ನೆಲ ತಟ್ಟುವ ನನ್ನ ಎಡಗಾಲಿನ ಬೂಟನ್ನೇ ನೋಡುತ್ತಿದ್ದ. ಉಕ್ಕಿನ ಕಾರ್ಮಿಕರ ಕ್ಲಬ್ಬಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ. ಬಿಂಗೋ ಆಟ ನಿಲ್ಲಿಸಿದ್ದಕ್ಕೆ ಜನ ಸಿಡಿಮಿಡಿಗೊಂಡಿದ್ದರು. "ಹಾಡೋಕ್ ಬಂದ್ರಾ, ನಡುಗೋಕ್ ಬಂದ್ರಾ?" ಎಂದು ಒಬ್ಬಾಕೆ ಕೂಗಿದ್ದೇ ತಡ, ನಾನೊಂದು ಪೆಟ್ಟು ತಪ್ಪಿದೆ. ನಾರ್ಮನ್ ಕಾದ. ಬೇಕೆಂದೇ ನಿಲ್ಲಿಸಿದವನಂತೆ ಕೋಲುಗಳನ್ನೆತ್ತಿ ಹಿಡಿದು, ನನ್ನ ಬೂಟು ನೆಲ ಮುಟ್ಟಿದ ಕ್ಷಣಕ್ಕೆ ಬಾರಿಸಿದ. ಜನ ಅದನ್ನೇ ಮೆಚ್ಚಿ ಚಪ್ಪಾಳೆ ತಟ್ಟಿದರು.

"ಬದುಕಿಸ್ದೆ ಕಣೋ," ಎಂದೆ.

"ಅಯ್ಯೋ ಬಿಡೋ, ನಿನ್ ಕಾಲು ಹೇಳ್ತು, ನಾನ್ ಕೇಳ್ದೆ."

ಎಂಬತ್ತೊಂದರಲ್ಲಿ ರೆಕಾರ್ಡ್ ಕಂಪನಿಯೊಂದು ನಮ್ಮನ್ನು ಕರೆಯಿತು. ಷರತ್ತು ಒಂದೇ: ಡ್ರಮ್ಮಿಗೆ ಮನುಷ್ಯ ಬೇಡ, ಯಂತ್ರ ಸಾಕು. ಆಗಿನ ಹೊಸ ಅಲೆಯೇ ಅದು. "ನಿನ್ ಗೆಳೆಯ ತಾನೆ, ನೀನೇ ಹೇಳು," ಎಂದ ಟ್ರೆವರ್. ಥೂ, ನನ್ನ ಮುಖಕ್ಕಿಷ್ಟು ಬೆಂಕಿ ಹಾಕ! ನಾನು ನಾರ್ಮನ್ನನಿಗೆ ಹೇಳಿದ್ದು ಹಸಿ ಸುಳ್ಳು: "ನಿಂಗೆ ಜ್ವರ ಬಂದ ದಿನಕ್ಕೆ ಇರ್ಲಿ ಅಂತ ಈ ಯಂತ್ರ ತಂದಿದ್ದೀವಿ. ನಿನ್ ತಾಳ ಇದಕ್ಕೆ ಸ್ವಲ್ಪ ಕಲ್ಸಿಕೊಡು ಮಾರಾಯ."

ಬ್ರೆಡ್ಡಿನ ಡಬ್ಬಿಯಷ್ಟಿದ್ದ ಆ ಯಂತ್ರದ ಮುಂದೆ ಮೂರು ಮಧ್ಯಾಹ್ನ ಕೂತು, ಚಹಾ ಆರಿದ್ದನ್ನೂ ಮರೆತು, ಗುಂಡಿಗಳನ್ನೊತ್ತಿ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದ. "ಜಾಣಮರಿ ಕಣೋ ಇದು. ಆದ್ರೆ ಪಾಪ, ಕಣ್ಣೇ ಇಲ್ವಲ್ಲ," ಎಂದು ಮರುಗಿದ. ಪಕ್ಕದಲ್ಲೇ ಕೂತು ನಾನು ಬಿಸ್ಕತ್ತು ತಿನ್ನುತ್ತಿದ್ದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ಮುಂದಿನ ವಾರ ಅವನು ಅಭ್ಯಾಸಕ್ಕೆ ಬಂದಾಗ ಅವನ ಸ್ಟೂಲಿನ ಮೇಲೆ ಯಂತ್ರ ಕೂತಿತ್ತು. ನಾಲ್ಕು ಎಣಿಸಿ ಒಳಬಂದವನಿಗೆ ಎಲ್ಲ ಅರ್ಥವಾಯಿತು. ಜಗಳವಾಡಲಿಲ್ಲ. ಬಾಗಿ, ಸ್ಟೂಲನ್ನು ಎರಡು ಸುತ್ತು ತಿರುಗಿಸಿ ಎತ್ತರಿಸಿದ. "ಈಗ ಅದಕ್ಕೂ ನಿನ್ ಕಾಲು ಕಾಣುತ್ತೆ," ಎಂದ. ಕೋಟಿನ ಗುಂಡಿ ಹಾಕಿಕೊಂಡು ಹೊರಟವನು ಹೊಸ್ತಿಲಲ್ಲಿ ಎಣಿಸಲಿಲ್ಲ. ನಾನು ಗಿಟಾರಿನ ತಂತಿ ಬಿಗಿಮಾಡುತ್ತ ಕೂತೆ.

ಆ ಯಂತ್ರದ ತಾಳಕ್ಕೆ ನಾವು ಮುದ್ರಿಸಿದ ಹಾಡು ಮಾರಾಟದಲ್ಲಿ ದೇಶಕ್ಕೇ ಎರಡನೆಯದಾಯಿತು. ಲಂಡನ್ನಿನ ಸಭಾಂಗಣದಲ್ಲಿ, ನಾಲ್ಕು ಸಾವಿರ ಜನರೆದುರು, ನಾನು ಮತ್ತೆ ಒಂದು ಪೆಟ್ಟು ತಪ್ಪಿದೆ. ಯಂತ್ರ ಬಾರಿಸುತ್ತಿದ್ದುದು ನಾರ್ಮನ್ನನದೇ ತಾಳ. ಅದು ನನ್ನನ್ನು ಬಿಟ್ಟು ಮುಂದೆ ಹೋಯಿತು. ಬೆವರುತ್ತ ಅದರ ಹಿಂದೆ ಓಡಿದೆ. ಜನ ಕುಣಿಯುತ್ತಲೇ ಇದ್ದರು. ನಾನು ತಲೆಯೆತ್ತಲಾರದೆ ನನ್ನ ಬೂಟನ್ನೇ ನೋಡುತ್ತಿದ್ದೆ.

ಹಿಂದೆ ಕೂತು ಮುಂದಿನವರ ಕಾಲು ಕಾಯುವವರದೊಂದು ಕುಲವಿದೆ. ಅವರು ಇರುವಷ್ಟು ಕಾಲ, ತಪ್ಪದ ಹೆಜ್ಜೆಯೆಲ್ಲ ನಮ್ಮದೇ ಎಂದು ನಾವು ಬೀಗುತ್ತೇವೆ. ಅವರು ಎದ್ದುಹೋದ ಮೇಲೂ ತಾಳ ಉಳಿದೀತು. ನಮಗಾಗಿ ಕಾಯುವವರು ಇರುವುದಿಲ್ಲ.