ಗದ್ದಲಕ್ಕೆ ಎಂಟು ನಿಮಿಷ

"ಇಪ್ಪತ್ತು ನನಗಿರಲಿ, ಐದು ಇವಳಿಗೆ," ಎನ್ನುತ್ತ ವಿಶಾಲಾಕ್ಷಮ್ಮ ಕಾಫಿ ಲೋಟವನ್ನು ಶಂಭುಲಿಂಗಪ್ಪನವರ ಮುಂದಿಟ್ಟರು.

ಚಾಮರಾಜಪೇಟೆಯ ಆ ಮನೆಯ ಪಡಸಾಲೆಗೆ ಆಗಷ್ಟೇ ಬಿಸಿಲು ಬಂದಿತ್ತು. ಹನ್ನೊಂದಕ್ಕೆ ವಿಧಾನಸಭೆ. ಸೂಲಗಿತ್ತಿಯರೆಲ್ಲ ಪರೀಕ್ಷೆ ಪಾಸು ಮಾಡಿ ಹೆಸರು ನೋಂದಾಯಿಸಬೇಕು, ಇಲ್ಲವಾದರೆ ಹೆರಿಗೆ ಮಾಡಿಸಕೂಡದು ಎಂಬ ಮಸೂದೆ ಆ ದಿನ ಚರ್ಚೆಗೆ ಬರುವುದಿತ್ತು. ವಿರೋಧಪಕ್ಷದ ಅವರ ಸಣ್ಣ ಗುಂಪಿಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಗುಂಪಿನ ನಾಯಕ ಶಂಭುಲಿಂಗಪ್ಪ ಅದನ್ನು ತಮ್ಮ ಇಬ್ಬರು ಮಹಿಳಾ ಸದಸ್ಯರಿಗೆ ಹಂಚಲು ಬಂದಿದ್ದರು. ಬರುವಾಗ ಕಿರಿಯ ಸದಸ್ಯೆ ಮಹಾನಂದಳನ್ನು ತಮ್ಮ ಕಾರಿನಲ್ಲೇ ಕರೆತಂದಿದ್ದರು. ಹಿಂದೆಲ್ಲ ಸಭೆಯ ದಿನ ಆ ಕಾರು ಮೊದಲು ಬರುತ್ತಿದ್ದದ್ದು ಈ ಮನೆಗೆ.

"ಹದಿನೈದು, ಹತ್ತು ಮಾಡ್ಕೊಳ್ಳಿ ತಾಯಿ," ಎಂದರು ಶಂಭುಲಿಂಗಪ್ಪ. "ಆ ಮುನಿಯಕ್ಕನ ವಿಷಯ ಹೇಳೋಕೆ ಹತ್ತಾದ್ರೂ ಬೇಕು. ನಿನ್ನೆ ಇವಳು ನನಗೆ ಹೇಳಿ ತೋರಿಸಿದ್ಳು. ಚೆನ್ನಾಗಿದೆ."

ಹೇಳಿ ತೋರಿಸಿದಳಂತೆ. ವಿಶಾಲಾಕ್ಷಮ್ಮ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಒತ್ತಿದರು. "ಯಾರು ಮುನಿಯಕ್ಕ?"

"ಶ್ರೀರಾಂಪುರದ ಸೂಲಗಿತ್ತಿ ಅಮ್ಮ," ಎಂದಳು ಮಹಾನಂದ. "ನಾನು ಹುಟ್ಟಿದ್ದೂ ಅವಳ ಕೈಲೇ. ಅವಳಿಗೆ ರುಜು ಹಾಕೋಕೂ ಬರಲ್ಲ. ಬರೆಯೋ ಪರೀಕ್ಷೆ ಇಟ್ರೆ ಅಂಥವರೆಲ್ಲ ಮನೇಲಿ ಕೂರ್ಬೇಕಾಗತ್ತೆ. ಬಾಯಲ್ಲೇ ಪ್ರಶ್ನೆ ಕೇಳಿ ಅಂತ ಒಂದು ತಿದ್ದುಪಡಿ ಕೇಳ್ಬೇಕು, ಅಷ್ಟೆ."

ಇಪ್ಪತ್ತೆಂಟರ ಹುಡುಗಿ. ಲಾ ಓದಿದವಳು, ನಿಂತ ಮೊದಲ ಚುನಾವಣೆಯಲ್ಲೇ ಗೆದ್ದವಳು. ಅಂಗೈಯಗಲದ ಚೀಟಿಯಲ್ಲಿ ನಾಲ್ಕು ಸಾಲು ಗೀಚಿಕೊಂಡು ಬಂದಿದ್ದಳು. ವಿಶಾಲಾಕ್ಷಮ್ಮ ಹನ್ನೆರಡು ಹಾಳೆ ದುಂಡಗೆ ಬರೆದಿಟ್ಟಿದ್ದರು.

"ನಾನು ಬರೆದಿರೋದನ್ನ ಓದೋಕೆ ಹನ್ನೆರಡು ನಿಮಿಷ ಸಾಕು ಶಂಭುಲಿಂಗಪ್ಪನೋರೆ. ಎಂಟು ಗದ್ದಲಕ್ಕೆ. ನಾನು ಎದ್ದು ನಿಂತ್ರೆ ಅವರು ಸುಮ್ನಿರ್ತಾರಾ? ಹಳೇ ಸಭೇಲಿ ನೀವೇ ನೋಡಿಲ್ವಾ?"

ಶಂಭುಲಿಂಗಪ್ಪ ನೋಡಿದ್ದರು. ಮಹಾರಾಜರ ಕಾಲದ ಸಭೆಯಲ್ಲಿ ಆಕೆ ಬಾಯಿ ತೆರೆದರೆ ಸಾಕು, ಮನೆಯಲ್ಲಿ ಅನ್ನ ಸೀಯುತ್ತಿದೆ ಹೋಗಮ್ಮ ಎಂದು ಒಬ್ಬರು ಕೂಗುತ್ತಿದ್ದರು. ಮೇಜು ಗುದ್ದಿ ಕೈ ನೋಯಿಸಿಕೊಂಡ ಹಿರಿಯರೂ ಇದ್ದರು. ಅವರಿಗೆಲ್ಲ ಆಕೆ ನಿಂತಲ್ಲೇ ಕೊಡುತ್ತಿದ್ದ ಉತ್ತರ ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು. ಈ ಸಲವೂ ಯಾರು ಏನೆಂದಾರು ಎಂದು ಯೋಚಿಸಿ, ವಿಶಾಲಾಕ್ಷಮ್ಮ ಹಾಳೆಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ಐದು ಉತ್ತರ ಬರೆದುಕೊಂಡಿದ್ದರು.

"ಅಮ್ಮ ಹೇಳೋದು ಸರಿ. ನಂಗೆ ಐದೇ ಇರಲಿ," ಎಂದಳು ಮಹಾನಂದ. "ಬೇಗ ಮುಗಿದ್ರೆ ಮಿಕ್ಕಿದ್ದು ಹೇಗೂ ನಂಗೇ ಬರತ್ತಲ್ಲ."

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಇಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ವಿಶಾಲಾಕ್ಷಮ್ಮನವರಿಗೆ ಚುಚ್ಚಿತು. ಶಂಭುಲಿಂಗಪ್ಪ ಜೇಬಿನಿಂದ ಪೆನ್ಸಿಲ್ ತೆಗೆದು ಸಭಾಧ್ಯಕ್ಷರಿಗೆ ಕೊಡುವ ಚೀಟಿಯಲ್ಲಿ ಇಪ್ಪತ್ತು, ಐದು ಎಂದು ಬರೆದರು.

ಸಭೆಯಲ್ಲಿ ವಿಶಾಲಾಕ್ಷಮ್ಮ ಎದ್ದು ನಿಂತಾಗ ಹನ್ನೆರಡೂಕಾಲು. ಮೊದಲ ಹಾಳೆ ಮುಗಿಯಿತು. ಎರಡನೆಯದರ ಕೊನೆಗೆ ಸರ್ಕಾರವನ್ನು ಕೆಣಕುವ ಮಾತೊಂದನ್ನು ಬೇಕೆಂದೇ ಇಟ್ಟಿದ್ದರು. ಅದನ್ನು ಓದಿ, ತಡೆದು, ಎದುರಿನ ಬೆಂಚುಗಳ ಕಡೆ ನೋಡಿದರು. ಆರೋಗ್ಯ ಸಚಿವರು ಯಾವುದೋ ಕಡತಕ್ಕೆ ರುಜು ಹಾಕುತ್ತಿದ್ದರು. ಹಿಂದೆ ಅನ್ನ ಸೀಯುತ್ತಿದೆ ಎಂದು ಕೂಗುತ್ತಿದ್ದವರು ಈಗಲೂ ಸದಸ್ಯರೇ. ಅವರು ಮನೆಗೆ ಬಂದ ಹಿರಿಯ ಅತ್ತಿಗೆಯ ಮಾತಿಗೆ ತಲೆದೂಗುವಂತೆ ತಲೆದೂಗಿದರು. ಐದನೆಯ ಹಾಳೆಯ ಹೊತ್ತಿಗೆ ಇಬ್ಬರು ಕಾಫಿಗೆ ಎದ್ದುಹೋದರು. ಏಳನೆಯದಕ್ಕೆ ಇನ್ನೂ ನಾಲ್ವರು. ಪತ್ರಿಕೆಯವರ ಸಾಲಿನಲ್ಲಿ ಒಬ್ಬ ಪೆನ್ಸಿಲ್ ಚೂಪು ಮಾಡುತ್ತಿದ್ದ.

ಹನ್ನೆರಡನೆಯ ಹಾಳೆ ಮುಗಿದಾಗ ಗೋಡೆಯ ಗಡಿಯಾರದಲ್ಲಿ ಇನ್ನೂ ಎಂಟು ನಿಮಿಷ ಉಳಿದಿತ್ತು.

ಕುಳಿತರೆ ಆ ಎಂಟೂ ಪಕ್ಕದವಳಿಗೆ. ಮಹಾನಂದ ಆಗಲೇ ಚೀಟಿಯನ್ನು ಕೈಗೆ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ಬೆಂಚಿನ ಅಂಚಿಗೆ ಸರಿದಿದ್ದಳು.

ವಿಶಾಲಾಕ್ಷಮ್ಮ ಹಾಳೆಗಳನ್ನು ತಿರುವಿ ಮೂರನೆಯದನ್ನು ಮೇಲೆ ತಂದು ಅಲ್ಲಿಂದ ಮತ್ತೆ ಓದತೊಡಗಿದರು. ಯಾವ ತಾಲ್ಲೂಕಿನಲ್ಲಿ ಎಷ್ಟು ಹೆರಿಗೆ, ಎಷ್ಟು ಸಾವು. ಅದೇ ಅಂಕಿ, ಅದೇ ದನಿ. ಸಭೆಯಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ. ಕೆಳಗೆ ಕುಳಿತು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ರಾಮಾನುಜ ಮಾತ್ರ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದ. ಸಭಾಧ್ಯಕ್ಷರು ಗಂಟೆ ಬಾರಿಸುವವರೆಗೂ ವಿಶಾಲಾಕ್ಷಮ್ಮ ನಿಂತೇ ಇದ್ದರು.

ಮಹಾನಂದ ಎದ್ದಳು. "ಈ ಮಸೂದೆ ಬರೆದವರು ಯಾರೂ ಹೆರಿಗೆ ಮನೆ ಬಾಗಿಲು ದಾಟಿದವರಲ್ಲ," ಎಂದಳು.

ಸಚಿವರ ಕೈಯ ಪೆನ್ನು ನಿಂತಿತು. ಯಾರೋ ಮೇಜು ಗುದ್ದಿದರು. ಕಾಫಿಗೆ ಹೋದವರು ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು. ಎರಡು ನಿಮಿಷ ಕಳೆದರೂ ಅವಳಿಗೆ ಮುಂದಿನ ಮಾತು ಮುಗಿಸಲಾಗಲಿಲ್ಲ. ತಲೆದೂಗಿದ್ದ ಆ ಹಳೆಯ ಸದಸ್ಯರೇ ಅರ್ಧ ಎದ್ದು, "ನೀನೇನಮ್ಮ ಹೆತ್ತವಳಾ? ನಿಂಗೇನು ಗೊತ್ತು ಹೆರಿಗೆ ವಿಷಯ?" ಎಂದರು. ಸಭೆ ನಕ್ಕಿತು.

ಮಕ್ಕಳಿಲ್ಲದ ವಿಶಾಲಾಕ್ಷಮ್ಮನವರನ್ನು ಹದಿನೈದು ವರ್ಷದ ಹಿಂದೆ ಅದೇ ಮನುಷ್ಯ ಅದೇ ಮಾತು ಕೇಳಿದ್ದ. ಈ ಸಲವೂ ಕೇಳುತ್ತಾನೆಂದು ಒಂಬತ್ತನೆಯ ಹಾಳೆಯ ಅಂಚಿನಲ್ಲಿ ಕೆಂಪಗೆ ಬರೆದಿಟ್ಟಿದ್ದರು: ಹೆತ್ತಿಲ್ಲ ಸ್ವಾಮಿ, ಆದರೆ ಹುಟ್ಟಿದ್ದೇನೆ, ನೀವೂ ಯಾವಳೋ ಓದದ ಸೂಲಗಿತ್ತಿಯ ಕೈಗೇ ಬಿದ್ದವರಲ್ಲವೆ?

ಮಹಾನಂದ ತಡವರಿಸಿದಳು. ಒಂದು ಗಳಿಗೆ ಪಕ್ಕಕ್ಕೆ, ಅವರ ಮುಖದತ್ತ ನೋಡಿದಳು. ವಿಶಾಲಾಕ್ಷಮ್ಮ ಆ ಹಾಳೆಯನ್ನು ಮಗುಚಿ ಮೇಲೆ ಅಂಗೈ ಇಟ್ಟುಕೊಂಡರು.

ಗದ್ದಲ ಇಳಿದಾಗ ಅವಳು "ಶ್ರೀರಾಂಪುರದಲ್ಲಿ ಮುನಿಯಕ್ಕ ಅಂತ" ಎನ್ನುವಷ್ಟರಲ್ಲಿ ಗಂಟೆಯಾಯಿತು. ತಿದ್ದುಪಡಿ ಬಾಯಿಗೆ ಬರಲೇ ಇಲ್ಲ. ಮೂರು ಗಂಟೆಗೆ ಬರೆಯುವ ಪರೀಕ್ಷೆಯೊಂದಿಗೇ ಮಸೂದೆ ಪಾಸಾಯಿತು.

ನಾಲ್ಕೂವರೆಗೆ ರಾಮಾನುಜ ಟೈಪು ಮಾಡಿದ ಭಾಷಣಗಳನ್ನು ತಿದ್ದಿಸಿಕೊಳ್ಳಲು ಮೊಗಸಾಲೆಗೆ ಬಂದ. ಸದಸ್ಯರು ನೋಡಿ ಸರಿ ಎಂದ ಮೇಲೆಯೇ ಅಚ್ಚಿಗೆ ಹೋಗುವುದು.

"ಅಮ್ಮ, ಇಲ್ಲಿ ಒಂದು ಭಾಗ ಎರಡು ಸಲ ಬಂದಿದೆ. ನಾನೇ ಎಲ್ಲೋ ತಪ್ಪಿರ್ಬೇಕು. ಒಂದನ್ನ ಹೊಡೆದ್ಹಾಕ್ಲಾ?"

"ಹೊಡೆದ್ಹಾಕಿ." ಅವರು ಕೈ ಚಾಚಿದರು. "ಮಹಾನಂದಂದು ಎಲ್ಲಿ? ಸ್ವಲ್ಪ ಕೊಡಿ."

ರಾಮಾನುಜ ಅನುಮಾನಿಸುತ್ತಲೇ ಕೊಟ್ಟ. ಅರ್ಧ ಪುಟ. ಅದರಲ್ಲಿ ಏಳು ಕಡೆ ಕಂಸ, ಒಳಗೆ ಆಗ ಸಭೆಯಲ್ಲಿ ನಡೆದದ್ದು. ಗದ್ದಲ. ಸಚಿವರು ಎದ್ದು ನಿಂತರು. ಮತ್ತೆ ಗದ್ದಲ. ನಗು. ವಿಶಾಲಾಕ್ಷಮ್ಮ ಉಗುರಿನಿಂದ ಒಂದೊಂದನ್ನೂ ಮುಟ್ಟಿ ಎಣಿಸಿದರು. ಟೈಪಾಗಿ ಬಂದಿದ್ದ ತಮ್ಮ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮೊದಲಿಂದ ಕೊನೆಯವರೆಗೆ ಎಲ್ಲೂ ಬಿಡುವಿಲ್ಲದ ಸಾಲುಗಳು.

"ತಿದ್ದೋದು ಏನಾದ್ರೂ ಇದೆಯಾ ಅಮ್ಮ?"

ಅವರು ಪೆನ್ನಿನ ಮುಚ್ಚಳ ತೆಗೆದರು. ಕೆಣಕುವ ಆ ಮಾತನ್ನು ಓದಿ ತಾವು ತಡೆದು ನಿಂತು ಎದುರು ನೋಡಿದ್ದ ಜಾಗ ಹುಡುಕಿ, ಅಲ್ಲಿ ಒಂದು ಕಂಸ ತೆರೆದರು. ರಾಮಾನುಜ ಕಾಯುತ್ತಿದ್ದ. ಪೆನ್ನಿನ ಮೊನೆ ಅಲ್ಲೇ ನಿಂತಿತ್ತು; ಅದರ ಕೆಳಗೆ ಶಾಯಿ ಕಾಗದದೊಳಗೆ ಮೆಲ್ಲಗೆ ಹರಡುತ್ತಿತ್ತು.