ಆದೆಮ್ಮ ಬರೆದ ತಾಯಿಲ್ಲದ ಕೂಸುಗಳು

ಉಳಿದ ನರ್ಸುಗಳು ಬರೆದು ಕೊಟ್ಟ ಕೂಸುಗಳೆಲ್ಲ ಸರಾಗವಾಗಿ ಕಂಪ್ಯೂಟರಿನೊಳಗೆ ಹೋಗಿ ಕೂತವು. ಆದೆಮ್ಮ ಬರೆದವುಗಳಲ್ಲಿ ಅರ್ಧಕ್ಕರ್ಧ ಬಾಗಿಲಲ್ಲೇ ನಿಂತವು. ಎಂಟರ್ ಒತ್ತಿದಾಗಲೆಲ್ಲ ಪರದೆಯ ಮೇಲೆ ಅದೇ ತಕರಾರು: ಈ ಮಗುವಿಗೆ ಸಂಬಂಧಪಟ್ಟ ದಾಖಲೆ ತಾಯಂದಿರ ಟೇಬಲ್ಲಿನಲ್ಲಿ ಇಲ್ಲ.

ತೊಂಬತ್ತೇಳನೆಯ ಇಸವಿಯ ಮಾತು. ಲಿಂಗಸುಗೂರಿನಲ್ಲಿ ದವಾಖಾನೆ ಇಟ್ಟಿದ್ದ ಒಂದು ಖಾಸಗಿ ಟ್ರಸ್ಟು ಸುತ್ತಲಿನ ಹಳ್ಳಿಯ ಕೂಸುಗಳಿಗೆ ಪೋಲಿಯೋ ಹನಿ, ಸೂಜಿ ಹಾಕಿಸುತ್ತಿತ್ತು. ಯಾವ ಕೂಸಿಗೆ ಯಾವುದು ಆಯಿತು, ಯಾವುದು ಬಾಕಿ ಎಂಬ ಲೆಕ್ಕವನ್ನು ಸಿಂಧನೂರಿನ ಕಚೇರಿಯಲ್ಲಿ ಕೂತು ಕನಕರಾಯ ಕಂಪ್ಯೂಟರಿಗೆ ಏರಿಸುತ್ತಿದ್ದ. ಟೇಬಲ್ಲುಗಳನ್ನು ಕಟ್ಟಿದವನೂ ಅವನೇ. ಒಂದರಲ್ಲಿ ಮನೆಮನೆ ಎಣಿಸಿ ಬರೆದುಕೊಂಡ ಬಸುರಿಯರು, ತಾಯಂದಿರು, ಇನ್ನೊಂದರಲ್ಲಿ ಮಕ್ಕಳು. ಊರು ಮತ್ತು ಮನೆ ನಂಬರು ಸೇರಿಸಿ ಪ್ರತಿ ತಾಯಿಗೂ ಒಂದು ಸಂಖ್ಯೆ. ಆ ಸಂಖ್ಯೆ ಮಗುವಿನ ಸಾಲಿನಲ್ಲೂ ಇರಬೇಕು, ಮತ್ತು ಅಂಥ ತಾಯಿ ಆ ಮೊದಲನೆಯ ಟೇಬಲ್ಲಿನಲ್ಲಿ ನಿಜವಾಗಿ ಇರಬೇಕು. ಇದಕ್ಕೆ ಫಾರಿನ್ ಕೀ ಎನ್ನುತ್ತಾರೆ ಎಂದು ಅವನು ಕಚೇರಿಗೆ ಬಂದವರಿಗೆಲ್ಲ ವಿವರಿಸುತ್ತಿದ್ದ, ಅವರು ಕೇಳಲಿ ಬಿಡಲಿ. ಖೊಟ್ಟಿ ಹೆಸರು ನುಸುಳದಂತೆ ಹಾಕಿದ ಕಾವಲು ಅದು. ಆ ಕಾವಲಿನ ಮೇಲೆ ಅವನಿಗೆ ಹೆತ್ತವರಿಗಿರುವಷ್ಟು ಹೆಮ್ಮೆ.

ಹಾಗಾಗಿ ತಪ್ಪು ತನ್ನ ಕಟ್ಟೋಣದಲ್ಲಿ ಇರಬಹುದು ಎಂದು ಅವನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ಆದೆಮ್ಮನ ಮುಖ. ಲಸಿಕೆ ಇಡುವ ಐಸಿನ ಡಬ್ಬಿ ಹೆಗಲಿಗೆ ಹಾಕಿಕೊಂಡು, ಸಿಕ್ಕ ಟೆಂಪೋ ಹತ್ತಿ ಮಸ್ಕಿ, ಸಂತೆಕಲ್ಲೂರು ಸುತ್ತುವ ನಡುವಯಸ್ಸಿನ ಹೆಂಗಸು. ವಾರಕ್ಕೊಮ್ಮೆ ಪಟ್ಟಿ ತಂದು ಅವನ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು, ಹೆಚ್ಚು ಮಾತಿಲ್ಲ. ಮಾತಿಲ್ಲದವರ ಮೇಲೆ ಅನುಮಾನ ಬರುವುದು ಎಷ್ಟು ಸುಲಭ ನೋಡಿ. ಇಷ್ಟು ದಿನ ಅವಳ ಮೌನ ಒಳ್ಳೆಯತನವಾಗಿ ಕಂಡಿತ್ತು, ಈಗ ಅದೇ ಏನನ್ನೋ ಮುಚ್ಚಿಡುವವಳ ಮೌನವಾಯಿತು.

ಅವನು ಬೇರೊಂದು ಟೇಬಲ್ಲು ಮಾಡಿ, ಕಾವಲಿಲ್ಲದೆ ಎಲ್ಲ ಕೂಸುಗಳನ್ನೂ ಅದರಲ್ಲಿ ಸುರಿದ. ಅದನ್ನು ತಾಯಂದಿರ ಟೇಬಲ್ಲಿಗೆ ಜೋಡಿಸಿದ. ಬರೀ ಹೊಂದಿದವನ್ನು ತೋರಿಸು ಎಂದರೆ ಆದೆಮ್ಮನ ಕೂಸುಗಳು ಮಾಯ. ಹೊಂದದವನ್ನೂ ತೋರಿಸು ಎಂದು ಜೋಡಣೆ ಬದಲಿಸಿದ. ಆಗ ಅವು ಬಂದವು, ತಾಯಿಯ ಕಡೆಯ ಅಂಕಣ ಖಾಲಿ ಬಿಟ್ಟುಕೊಂಡು. ಎಲ್ಲವೂ ಅವಳವೇ. ಕನಕರಾಯನ ಕಿವಿ ನೆಟ್ಟಗಾದವು. ಇಲ್ಲದ ತಾಯಂದಿರಿಗೆ ಕೂಸು ಹುಟ್ಟಿಸಿ, ಔಷಧಿ ಚೆಲ್ಲಿ, ಮನೆಯಲ್ಲಿ ಕೂತು ಬರೆದಿದ್ದಾಳೆ ಎಂದು ಅವನು ಅಲ್ಲೇ ತೀರ್ಪು ಕೊಟ್ಟುಬಿಟ್ಟ.

ಲಿಂಗಸುಗೂರಿಗೆ ಫೋನ್ ಮಾಡಿದ. ಎತ್ತಿದವರು ಟ್ರಸ್ಟು ನೋಡಿಕೊಳ್ಳುತ್ತಿದ್ದ ಡಾಕ್ಟರ್ ವೆಂಕೋಬ.

"ಖರೇ ಆದ್ರ ಆಕಿ ನೌಕರಿ ಹೋಗತೈತಿ ಕನಕರಾಯ. ಆಕಿ ಮನಿ ನಡೆಯೂದ ಆ ನೌಕರಿ ಮ್ಯಾಲ. ಖಾತ್ರಿ ಮಾಡ್ಕೊಂಡು ಹೇಳು."

ಖಾತ್ರಿಗೆಂದು ಅವನು ಸಂತೆಕಲ್ಲೂರಿನ ಬಸ್ಸು ಹತ್ತಿದ. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಆದೆಮ್ಮನ ಕೂಸುಗಳ ಪಟ್ಟಿಯ ಪ್ರಿಂಟು. ಮೊದಲ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ತೊಗರಿ ಹಸನು ಮಾಡುತ್ತಿದ್ದಳು.

"ಇಲ್ಲಿ ಹುಸೇನಮ್ಮ ಅನ್ನೋ ಬಾಣಂತಿ ಅದಾಳೇನ್ರೀ? ಕೂಸು ಐತೇನು?"

ಮುದುಕಿ ಅವನನ್ನು ಚಪ್ಪಲಿಯಿಂದ ಕ್ರಾಪಿನವರೆಗೆ ಅಳೆದಳು. "ಯಾವ ಬಾಣಂತೀನೂ ಇಲ್ಲಪ್ಪ."

ಮುಂದಿನ ಮನೆಯಲ್ಲೂ ಇಲ್ಲ. ಅದರಾಚೆಯ ಮನೆಯ ಹೆಂಗಸಂತೂ ಬಾಗಿಲು ಮುಂದಕ್ಕೆ ಎಳೆದುಕೊಂಡೇ ಮಾತಾಡಿದಳು. ಇಷ್ಟಾದ ಮೇಲೆ ಇನ್ನೇನು ಬೇಕು? ಆದೆಮ್ಮನ ಬಣ್ಣ ಬಯಲಾಯಿತು ಎಂದುಕೊಂಡ ಕನಕರಾಯ. ಗೆದ್ದವನ ಹಾಗೆ ಹೋಟೆಲಿನಲ್ಲಿ ಮಿರ್ಚಿ ಮಂಡಾಳು ತಿಂದು, ಮಧ್ಯಾಹ್ನದ ಬಸ್ಸಿಗೆ ಸಿಂಧನೂರಿಗೆ ಮರಳಿ, ಡಾಕ್ಟರಿಗೆ ವರದಿ ಕಳಿಸಿದ. ಡಬ್ಬಿ ಒಪ್ಪಿಸಿ ಮನೆಯಲ್ಲಿರು ಎಂದು ಆದೆಮ್ಮನಿಗೆ ಹೇಳಿದರಂತೆ. ಅವಳು ಡಬ್ಬಿ ತೊಳೆದು, ಒರೆಸಿ, ಮೇಜಿನ ಮೇಲಿಟ್ಟು ಹೋದಳಂತೆ. ಯಾಕೆ ಎಂದೂ ಕೇಳಲಿಲ್ಲವಂತೆ. ನೋಡಿ, ಕಳ್ಳಿಯಾದ್ದರಿಂದಲೇ ಕೇಳಲಿಲ್ಲ ಎಂದ ಈ ಮಹಾಶಯ.

ಇದೆಲ್ಲ ನಡೆಯುತ್ತಿದ್ದಾಗಲೇ ಅವನ ಹೆಂಡತಿ ಗ್ಯಾನಮ್ಮ ಮಸ್ಕಿಯ ತವರಿನಲ್ಲಿ ಹೆತ್ತಿದ್ದಳು. ಚೊಚ್ಚಲ, ಹೆಣ್ಣು. ವರದಿಯ ಗಡಿಬಿಡಿ ಮುಗಿದ ಮೇಲೆ ಕನಕರಾಯ ಮಗಳನ್ನು ನೋಡಲು ಹೊರಟ. ಅತ್ತೆ ಯಮನೂರಮ್ಮ ಕಾಲಿಗೆ ನೀರು ಕೊಟ್ಟು, ಒಳಕೋಣೆಗೆ ಕರೆದೊಯ್ದು, ಕೂಸನ್ನು ಅವನ ತೊಡೆಯ ಮೇಲಿಟ್ಟಳು. ಬಟ್ಟೆಯೊಳಗೆ ಕೆಂಪು ಮುಖ, ಮುಚ್ಚಿದ ಮುಷ್ಟಿ. ಅವನು ಆ ಮುಷ್ಟಿಯೊಳಗೆ ತನ್ನ ಬೆರಳು ತೂರಿಸಿ ನೋಡಿದ.

ಹೊರಗೆ ಯಾರೋ ಕೂಗಿದರು. ಅತ್ತೆ ಎದ್ದು ಹೋದಳು.

"ಗ್ಯಾನಮ್ಮ ಅನ್ನೋ ಬಾಣಂತಿ ಇಲ್ಲಿ ಅದಾಳೇನ್ರೀ? ಕೂಸಿಗೆ ಹನಿ ಹಾಕೀನಂತ ನರ್ಸು ಬರದಾಳ."

"ಯಾವ ಬಾಣಂತೀನೂ ಇಲ್ಲ, ಕೂಸೂ ಇಲ್ಲ. ನನ್ನ ಮಗಳು ಸಿಂಧನೂರಾಗ ಗಂಡನ ಮನ್ಯಾಗ ಅದಾಳ. ಮುಂದ ಹೋಗಪ್ಪ."

ಯಮನೂರಮ್ಮ ಒಳಗೆ ಬಂದು ಸೆರಗು ಸರಿಮಾಡಿಕೊಂಡಳು. "ಯಾವನೋ ಕಾಗದ ಹಿಡ್ಕೊಂಡು ಬಂದಿದ್ದ ಅಳಿಯಂದ್ರ. ಮಕ್ಕಳಾಗದಂಗ ಮಾಡೋ ಆಪರೇಷನ್ನಿಗೆ ಎಳಕೊಂಡು ಹೋಗೋರಿದ್ದಾರು, ಕೂಸಿಗೆ ಕಣ್ಣು ಹಾಕೋರಿದ್ದಾರು. ಹಸಗೂಸಿನ ಸುದ್ದಿ ಕಂಡಕಂಡವರಿಗೆ ಹೇಳತಾರೇನ್ರೀ?"

"ಮತ್ತ ಆದೆಮ್ಮಗ ತೋರಿಸೀರಿ?"

"ಆಕಿ ನಮ್ಮಾಕಿ. ಆಕೀ ಮುಂದ ಏನು ಮುಚ್ಚೂದು?"

ಹೊರಗಿನ ದನಿ ಕನಕರಾಯನಿಗೆ ಗೊತ್ತಿತ್ತು. ಟ್ರಸ್ಟಿನ ಜೀಪು ಓಡಿಸುವ ಶಾವಲಿ. ಆದೆಮ್ಮ ಕೊನೆಗೆ ಬರೆದ ಕೂಸುಗಳನ್ನೂ ತಪಾಸಣೆ ಮಾಡಿ ಬಾ ಎಂದು ಡಾಕ್ಟರು ಅವನನ್ನು ಕಳಿಸಿದ್ದರು, ಇವನದೇ ವರದಿ ನಂಬಿ. ಅವನ ಮಗಳೇ ಖೊಟ್ಟಿ ಕೂಸುಗಳ ಸಾಲಿಗೆ ಸೇರಹೊರಟಿದ್ದಳು. ಅವನು ಕೂಸನ್ನು ಅತ್ತೆಯ ಕೈಗಿತ್ತು ಬರಿಗಾಲಲ್ಲೇ ಓಣಿಗೆ ಓಡಿದ.

"ಶಾವಲಿ, ನಿಲ್ಲು. ಕೂಸು ಐತಿ. ಕೂಸು ನಂದು."

ಅವತ್ತೇ ಸಿಂಧನೂರಿಗೆ ಹೋಗಿ ಕಂಪ್ಯೂಟರ್ ಹಚ್ಚಿದ. ಮಗಳನ್ನು ಏರಿಸಲು ನೋಡಿದ: ಊರು ಮಸ್ಕಿ, ಅತ್ತೆಯ ಮನೆಯ ನಂಬರು, ತಾಯಿ ಗ್ಯಾನಮ್ಮ. ತಾಯಂದಿರ ಟೇಬಲ್ಲಿನಲ್ಲಿ ಇಲ್ಲ ಎಂದಿತು ಯಂತ್ರ. ಎಲ್ಲಿಂದ ಇರಬೇಕು? ಮನೆ ಎಣಿಸಿದಾಗ ಕೊಟ್ಟ ಹೆಣ್ಣುಮಕ್ಕಳನ್ನು ತವರಿನಲ್ಲಿ ಯಾರೂ ಬರೆಸಿರಲಿಲ್ಲ. ಗ್ಯಾನಮ್ಮ ಇದ್ದದ್ದು ಸಿಂಧನೂರಿನಲ್ಲಿ, ಅವನ ಮನೆಯ ನಂಬರಿನಡಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ ಎಂಬುದು ಇದೇ ಸೀಮೆಯ ದಢೇಸುಗೂರಿನಲ್ಲಿ ಹುಟ್ಟಿ ಬೆಳೆದ ಈ ಮನುಷ್ಯನಿಗೆ ಹೊಸದಾಗಿ ತಿಳಿಯಬೇಕಿತ್ತೇ? ಹೆಂಡತಿಯ ಟ್ರಂಕು ಹೊತ್ತು ಬಸ್ಸು ಹತ್ತಿಸಿದವನೂ ಅವನೇ. ಅವನು ತಾಯಿಗೆ ಸಂಖ್ಯೆ ಕೊಟ್ಟಿರಲಿಲ್ಲ, ಮನೆಗೆ ಕೊಟ್ಟಿದ್ದ.

ಊರು, ಮನೆ ಬಿಟ್ಟು, ತಾಯಿಯ ಹೆಸರು ಮತ್ತು ಗಂಡನ ಹೆಸರು ಹಿಡಿದು ಟೇಬಲ್ಲುಗಳನ್ನು ಮತ್ತೆ ಜೋಡಿಸಿದ. ಖಾಲಿ ಅಂಕಣ ತುಂಬತೊಡಗಿತು. ಸಂತೆಕಲ್ಲೂರಿನ ಕೂಸಿಗೆ ಗೊರೇಬಾಳದ ತಾಯಿ ಸಿಕ್ಕಳು, ಮಸ್ಕಿಯ ಕೂಸಿಗೆ ಸಿಂಧನೂರಿನವಳು. ಎಲ್ಲವೂ ಚೊಚ್ಚಲು. ಉಳಿದ ನರ್ಸುಗಳ ಕೂಸುಗಳು ಯಾಕೆ ತಕರಾರಿಲ್ಲದೆ ಹೋದವೆಂದು ಮರುದಿನ ಒಬ್ಬಿಬ್ಬರನ್ನು ಕೇಳಿದಾಗ ತಿಳಿಯಿತು. ತವರಿಗೆ ಬಂದ ಬಾಣಂತಿಯನ್ನು ಕಂಡರೆ, ನಿನ್ನ ಗಂಡನ ಊರಾಗ ಹಾಕಿಸ್ಕೋ ಎಂದು ಅವರು ದಾಟಿ ಹೋಗುತ್ತಿದ್ದರು. ದಾಟದೆ ನಿಂತವಳು ಆದೆಮ್ಮ ಒಬ್ಬಳೇ.

ಡಾಕ್ಟರು ಎಲ್ಲ ಕೇಳಿ, ನೀನೇ ಹೋಗಿ ಕರಕೊಂಡು ಬಾ ಎಂದು ಐಸಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟರು.

ಲಿಂಗಸುಗೂರಿನ ಬಾಡಿಗೆ ಮನೆಯ ಮುಂದೆ ಆದೆಮ್ಮ ಕಸಬರಿಗೆ ಹಿಡಿದು ನಿಂತಿದ್ದಳು. ಅವನು ಡಬ್ಬಿ ಕೆಳಗಿಟ್ಟು ಟೇಬಲ್ಲಿನ ವಿಷಯ, ಜೋಡಣೆಯ ವಿಷಯ, ತವರಿನ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿದ. ತಪ್ಪು ನಂದು ಅಕ್ಕಾ, ನಾಳೆಯಿಂದ ಕೆಲಸಕ್ಕ ಬಾ ಎಂದ. ಅವಳು ಕೊನೆಯವರೆಗೂ ಕೇಳಿದಳು.

"ಬರತೀನಿ. ಕೂಸುಗಳ ಎರಡನೇ ಹನಿ ಬಾಕಿ ಐತಿ, ನಿನ್ನ ಮಗಳದೂ ಐತಿ," ಎಂದಳು. ಡಬ್ಬಿ ಎತ್ತಿಕೊಂಡು ಒಳಗೆ ಹೊರಟವಳು ಹೊಸ್ತಿಲಲ್ಲಿ ತಿರುಗಿದಳು.

"ಮಷಿನ್ನಿಗೆ ಕೇಳಿದಿ ತಮ್ಮಾ, ಸಂತೆಕಲ್ಲೂರಿಗೆ ಹೋಗಿ ಊರಿಗೆ ಕೇಳಿದಿ. ವಾರಕ್ಕೊಮ್ಮೆ ನಿನ್ನ ಮೇಜಿನ ಮುಂದ ಬಂದು ನಿಂದರತಿದ್ದೆ. ನನಗ ಒಂದು ಮಾತು ಕೇಳಾಕ ನಿನಗ ಏನಾಗಿತ್ತು?"